ಲೂಯಿ ವಿಟಾನ್ ಸ್ಪೀಡಿ 30: ಕೊಳ್ಳುವ ಮುನ್ನ ಅಸಲಿಯೇ ಎಂದು ನೋಡುವುದು ಹೇಗೆ

ಫ್ರಾನ್ಸಿನ ಲೂಯಿ ವಿಟಾನ್ ಸಂಸ್ಥೆ 1930ರಲ್ಲಿ ಹೊರತಂದ ಸ್ಪೀಡಿ, ಬಳಕೆಯ ದೃಷ್ಟಿಯಿಂದ ಹಗುರವಾದ, ಗಟ್ಟಿಮುಟ್ಟಾದ ಕೈಚೀಲ; ಹೆಸರಿನಲ್ಲಿರುವ 30 ಎಂಬುದು ಸೆಂಟಿಮೀಟರಿನಲ್ಲಿ ಅದರ ಅಗಲ. ಆದರೆ ಭಾರ ತುಂಬಿದರೆ ಅದರ ತಳ ಜೋತುಬೀಳುತ್ತದೆ, ಹಿಡಿಗಳು ಗಿಡ್ಡವಾಗಿರುವುದರಿಂದ ಹೆಗಲಿಗೆ ಏರಿಸಲಾಗದು. ಇಷ್ಟಾದರೂ ಬಳಸಿದ ಚೀಲಗಳ ಮಾರುಕಟ್ಟೆಯಲ್ಲಿ ಬೇಡಿಕೆ ಕುಗ್ಗಿಲ್ಲವಾದ್ದರಿಂದ ನಕಲಿಗಳೂ ಧಾರಾಳವಾಗಿವೆ.

ಇಡೀ ಚೀಲ ಅಪ್ಪಟ ಚರ್ಮದ್ದೆಂದು ಮಾರುವವರು ಹೇಳಿದರೆ ಅಲ್ಲಿಯೇ ಅನುಮಾನಪಡಬೇಕು. 1896ರಲ್ಲಿ ಸಂಸ್ಥಾಪಕರ ಮಗ ಜಾರ್ಜ್ ವಿಟಾನ್ ರೂಪಿಸಿದ ಮೊನೊಗ್ರಾಮ್ ವಿನ್ಯಾಸವನ್ನು, ಅಂದರೆ LV ಅಕ್ಷರಗಳು ಮತ್ತು ಹೂಗಳ ಚಿತ್ತಾರವನ್ನು, ಹೊತ್ತಿರುವುದು ಲೇಪನ ಕೊಟ್ಟ ಕ್ಯಾನ್ವಾಸ್. ಚರ್ಮವಿರುವುದು ಹಿಡಿ, ಅಂಚುಪಟ್ಟಿ ಮತ್ತು ಸಣ್ಣ ತುಂಡುಗಳಲ್ಲಿ ಮಾತ್ರ. ಸಾಂಪ್ರದಾಯಿಕ ಮೊನೊಗ್ರಾಮ್ ಸ್ಪೀಡಿಯಲ್ಲಿ ಒಂದೇ ಕ್ಯಾನ್ವಾಸ್ ತುಂಡು ಮುಂಬದಿಯಿಂದ ತಳದಡಿ ಹಾದು ಹಿಂಬದಿಗೆ ಏರುವುದರಿಂದ ಒಂದು ಬದಿಯ ಅಕ್ಷರಗಳು ತಲೆಕೆಳಗಾಗಿಯೇ ಇರುತ್ತವೆ. ಇದನ್ನು ದೋಷವೆಂದು ಭಾವಿಸಿ ಎರಡೂ ಬದಿಗಳಲ್ಲಿ ಅಕ್ಷರಗಳನ್ನು ನೆಟ್ಟಗೆ ನಿಲ್ಲಿಸಿದ ನಕಲಿಗಳುಂಟು. ತಿದ್ದಲು ಹೋಗಿಯೇ ಸಿಕ್ಕಿಬೀಳುವ ಪರಿ ಇದು!

ನನ್ನ ಮಟ್ಟಿಗೆ ಹೆಚ್ಚು ನಂಬಬಹುದಾದದ್ದು ಹಿಡಿಯ ಚರ್ಮ. ಸಸ್ಯಮೂಲದ ಟ್ಯಾನಿನ್‌ನಿಂದ ಹದಮಾಡಿ, ಬಣ್ಣ ಹಾಕದೆ ಬಿಟ್ಟ ಈ ಚರ್ಮ ಹೊಸದರಲ್ಲಿ ತೀರಾ ಬಿಳಿಚಿಕೊಂಡಿದ್ದು, ಬಿಸಿಲು ಹಾಗೂ ಕೈಯ ಎಣ್ಣೆಯಂಶ ತಾಗಿದಂತೆಲ್ಲ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಹಲವು ವರ್ಷ ಬಳಸಿದ್ದೆಂದು ಹೇಳುವ ಚೀಲದ ಹಿಡಿ ಇನ್ನೂ ಬಿಳಿಚಾಗಿದ್ದರೆ, ಅದನ್ನು ಬದಲಿಸಿದ ದಾಖಲೆ ಕೇಳಬೇಕು. ಹೊಸದೆಂಬ ಚೀಲದ ಹಿಡಿ ಒಂದೇ ಸಮನೆ ಕಿತ್ತಳೆಯಾಗಿದ್ದರೆ ಬಣ್ಣ ಬಳಿದಿರುವ ಸಾಧ್ಯತೆ ಹೆಚ್ಚು. ನೀರು ಬಿದ್ದರೆ ಇದರ ಮೇಲೆ ಕಲೆ ನಿಲ್ಲುತ್ತದೆ. ಹಾಗಾಗಿ ಮಂಗಳೂರಿನಂಥ ಮಳೆಯ ಊರಿನಲ್ಲಿ ಓಡಾಡಿದ ಚೀಲದಲ್ಲಿ ಒಂದೂ ಕಲೆಯಿಲ್ಲದಿರುವುದು ಸಮಾಧಾನದ ಸಂಗತಿಯೇನಲ್ಲ.

ಒಳಗಿನ ಸಂಕೇತಸಂಖ್ಯೆಗೆ ಜನ ಕೊಡುವ ಮಹತ್ವ ಮಾತ್ರ ಅತಿಯಾಯಿತು. 2007ರಿಂದ ಬಂದ ಚೀಲಗಳಲ್ಲಿ ಎರಡು ಅಕ್ಷರಗಳು ತಯಾರಿಕಾ ಘಟಕವನ್ನೂ, ಒಂದು ಮತ್ತು ಮೂರನೆಯ ಅಂಕಿಗಳು ವಾರವನ್ನೂ, ಎರಡು ಮತ್ತು ನಾಲ್ಕನೆಯ ಅಂಕಿಗಳು ವರ್ಷವನ್ನೂ ಸೂಚಿಸುತ್ತವೆ; 2129 ಎಂದಿದ್ದರೆ ಅದು 2019ನೆಯ ಇಸವಿಯ 22ನೆಯ ವಾರ. ವಾರದ ಜಾಗದಲ್ಲಿ 60 ಎಂದಿದ್ದರೆ ಚೀಲವನ್ನು ಕೆಳಗಿಡಬಹುದು. ಆದರೆ ಇದು ಒಂದೊಂದು ಚೀಲಕ್ಕೆ ಬೇರೆಬೇರೆಯಾಗಿ ಕೊಟ್ಟ ಸಂಖ್ಯೆಯಲ್ಲ. ಸರಿಯಾದ ಸಂಕೇತವನ್ನು ಯಾರಾದರೂ ಒತ್ತಬಲ್ಲರು. 2021ರಿಂದ ಈ ಪದ್ಧತಿಯನ್ನು ಕೈಬಿಟ್ಟು ಒಳಗೆ ಚಿಪ್ ಅಳವಡಿಸಲಾಗುತ್ತಿರುವುದರಿಂದ, ಈಚಿನ ಚೀಲದಲ್ಲಿ ಸಂಕೇತವಿಲ್ಲವೆಂದು ಗಾಬರಿಪಡಬೇಕಿಲ್ಲ. ಫ್ರಾನ್ಸ್ ಬಿಟ್ಟು ಸ್ಪೇನ್, ಇಟಲಿ, ಅಮೆರಿಕಗಳಲ್ಲಿಯೂ ಸಂಸ್ಥೆ ಚೀಲಗಳನ್ನು ತಯಾರಿಸುತ್ತದೆ. ಅಲ್ಲಿನ ಮುದ್ರೆ ಕಂಡೊಡನೆ ನಕಲಿ ಎನ್ನುವುದೂ ತಪ್ಪು.

ಸಂಸ್ಥೆ ರಿಯಾಯಿತಿ ಮಾರಾಟ ನಡೆಸುವುದಿಲ್ಲ, ಅಸಲಿತನದ ಪ್ಲಾಸ್ಟಿಕ್ ಕಾರ್ಡನ್ನೂ ಕೊಡುವುದಿಲ್ಲ. ಆದ್ದರಿಂದ ಕಾರ್ಡಿನ ಸಮೇತ ಅರ್ಧ ಬೆಲೆಗೆ ಹೊಚ್ಚಹೊಸ ಸ್ಪೀಡಿ ಸಿಗುತ್ತದೆ ಎಂಬ ಜಾಹೀರಾತನ್ನು ಮುಂದೆ ಓದುವ ಅಗತ್ಯವೇ ಇಲ್ಲ. ಬಳಸಿದ್ದನ್ನು ಕೊಳ್ಳುವವರು ಮೂಲ ರಸೀದಿ ಕೇಳಬೇಕು, ಹಗಲು ಬೆಳಕಿನಲ್ಲಿ ಹೊಲಿಗೆ ಮತ್ತು ಮುದ್ರೆಗಳ ಹತ್ತಿರದ ಚಿತ್ರಗಳನ್ನು ತರಿಸಿಕೊಳ್ಳಬೇಕು. ನಕಲಿ ಎಂದು ತಿಳಿದರೆ ಪೂರ್ತಿ ಹಣ ಹಿಂದಿರುಗಿಸುವುದಾಗಿ ಬರೆದುಕೊಡಲು ಮಾರುವವರು ಒಪ್ಪದಿದ್ದರೆ, ಚೀಲ ಎಷ್ಟೇ ಚೆನ್ನಾಗಿ ಕಂಡರೂ ನಾನು ಕೊಳ್ಳುವುದಿಲ್ಲ.