ಕೊರಳಿಗೆ ತೂಗುಹಾಕುವ ಪುಟ್ಟ ಚಾಕು: ಟೊಮೆಟೊ ತೋಟದಲ್ಲಿ ಬಳಸಿದ ಮೇಲೆ

ಕೋಲಾರ ತಾಲ್ಲೂಕಿನ ನಮ್ಮ ಟೊಮೆಟೊ ತೋಟದ ಕೆಲಸಕ್ಕೆಂದು, ಕೈಯಿಂದಲೇ ಚಾಕು ತಯಾರಿಸುವವರೊಬ್ಬರಿಗೆ ಹೇಳಿ ಮಾಡಿಸಿದ ಚಾಕು ಇದು. ಅಲಗು ಎರಡೂವರೆ ಅಂಗುಲ, ಹಿಡಿಯೂ ಸೇರಿದರೆ ಆರು ಅಂಗುಲ. ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯನ್ನು ಕುಲುಮೆಯಲ್ಲಿ ಕಾಯಿಸಿ, ಬಡಿದು, ಹದ ಕೊಟ್ಟಿದ್ದಾರೆ. ಒರೆ ಕೈಡೆಕ್ಸ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನದು. ಚಾಕು ಅದರೊಳಗೆ ತಲೆಕೆಳಗಾಗಿ ಕುಳಿತು, ಹಿಡಿ ಕೆಳಮುಖವಾಗಿ ಎದೆಯ ಮೇಲೆ ತೂಗುತ್ತದೆ.

ಸಾಲುಗಳ ನಡುವೆ ಕುಕ್ಕರಗಾಲಿನಲ್ಲಿ ಕುಳಿತು ಗಿಡವನ್ನು ಕೋಲಿಗೆ ಕಟ್ಟುವಾಗ ಒಂದು ಕೈ ಗಿಡವನ್ನು ಹಿಡಿದಿರುತ್ತದೆ, ಜೇಬು ತೊಡೆಯ ಸಂದಿಯಲ್ಲಿ ಮಡಚಿಕೊಂಡಿರುತ್ತದೆ. ಆಗ ಇನ್ನೊಂದು ಕೈಯಿಂದ ಕೆಳಕ್ಕೆ ಎಳೆದೊಡನೆ ಚಾಕು ಕೈಗೆ ಬರುವುದೇ ಇದರ ದೊಡ್ಡ ಅನುಕೂಲ. ಸುತಲಿ, ಮಣ್ಣಿಗೆ ಹೊದಿಸುವ ಮಲ್ಚಿಂಗ್ ಶೀಟು, 16 ಎಂಎಂ ಡ್ರಿಪ್ ಪೈಪು, ಇವೆಲ್ಲವನ್ನೂ ಸಲೀಸಾಗಿ ಕತ್ತರಿಸುತ್ತದೆ.

ಸ್ಪ್ರಿಂಗ್ ಉಕ್ಕಿನಲ್ಲಿ ಇಂಗಾಲ ಸುಮಾರು ಶೇ 0.6ರಷ್ಟಿರುತ್ತದೆ, ಹದ ಸರಿಯಾಗಿ ಬಿದ್ದರೆ ಬಾಯಿ ಸುಲಭಕ್ಕೆ ಮುಕ್ಕಾಗುವುದಿಲ್ಲ, ಮೊಂಡಾದಾಗ ಮನೆಯ ಸಾಣೆಕಲ್ಲಿನಲ್ಲೇ ಮಸೆದುಕೊಳ್ಳಬಹುದು. ಆದರೆ ಇದು ಸ್ಟೇನ್‌ಲೆಸ್ ಅಲ್ಲ. ಟೊಮೆಟೊ ರಸದ ಹುಳಿಗೆ ಅಲಗು ಮೊದಲು ನೀಲಿಗೆ ತಿರುಗಿ, ಬರಬರುತ್ತ ಬೂದುಗಪ್ಪಾಯಿತು. ಅದು ತುಕ್ಕಲ್ಲ, ಅದನ್ನು ಉಜ್ಜಿ ತೆಗೆಯುವುದೂ ಬೇಡ. ನಿಜವಾದ ತೊಂದರೆ ಬೇರೆಯದು: ಸೊರಗು ರೋಗವೂ ಕೆಲವು ನಂಜು ರೋಗಗಳೂ ಚಾಕುವಿನ ಮೂಲಕ ಗಿಡದಿಂದ ಗಿಡಕ್ಕೆ ದಾಟುವುದರಿಂದ, ರೋಗದ ಗಿಡ ಮುಟ್ಟಿದ ಮೇಲೆ ಅಲಗನ್ನು ಬ್ಲೀಚಿಂಗ್ ದ್ರಾವಣದಲ್ಲಿ ಅದ್ದಬೇಕಾಗುತ್ತದೆ, ಆ ದ್ರಾವಣವೋ ಈ ಉಕ್ಕಿಗೆ ಬೇಗನೆ ತುಕ್ಕು ಹಿಡಿಸುತ್ತದೆ. ಹಾಗಾಗಿ ಅದ್ದಿದ ಕೂಡಲೇ ನೀರಿನಲ್ಲಿ ತೊಳೆದು, ಒರೆಸಿ, ಕೊಬ್ಬರಿ ಎಣ್ಣೆ ಸವರುವ ಅಭ್ಯಾಸ ಇಲ್ಲದವರು ಇದನ್ನು ಕೊಳ್ಳದಿರುವುದೇ ಮೇಲು.

ಒರೆಯ ಹಿಡಿತ ಇನ್ನೂ ಬಿಗಿಯಾಗಿದೆ; ಬಗ್ಗಿದರೂ ಕೊಡವಿದರೂ ಚಾಕು ಜಾರುವುದಿಲ್ಲ. ಚರ್ಮದ ಒರೆಯಾಗಿದ್ದರೆ ಬೆವರು ಹೀರಿ ಅಲಗನ್ನು ಹಾಳುಮಾಡುತ್ತಿತ್ತು. ನಮ್ಮ ಕೆಂಪು ಮಣ್ಣಿನ ಸಣ್ಣ ಮರಳು ಮಾತ್ರ ಒಳಗೆ ಸೇರಿ, ಎಳೆದಾಗಲೆಲ್ಲ ಅಲಗಿನ ಎರಡೂ ಮೈಗೆ ಕೂದಲೆಳೆಯಂಥ ಗೀರುಗಳನ್ನು ಮೂಡಿಸಿದೆ. ಒರೆಯ ತುದಿಯಲ್ಲಿರುವ ತೂತು ಇನ್ನಷ್ಟು ದೊಡ್ಡದಾಗಿದ್ದರೆ ನೀರು ಬಿಟ್ಟು ತೊಳೆಯಲು ಸುಲಭವಾಗುತ್ತಿತ್ತು.

ಜೊತೆಗೆ ಬಂದ ದಾರದ ಬಗ್ಗೆ ನನ್ನ ಆಕ್ಷೇಪ ಗಟ್ಟಿಯಾಗಿಯೇ ಇದೆ. ಅದು 550 ಪೌಂಡು, ಅಂದರೆ ಸುಮಾರು 250 ಕಿಲೋ ಭಾರ ತಡೆಯುವ ಪ್ಯಾರಾಕಾರ್ಡ್ ಎಂಬ ನೈಲಾನ್ ಹಗ್ಗ. ಪವರ್ ಟಿಲ್ಲರಿಗೋ ಮೇವು ಕತ್ತರಿಸುವ ಯಂತ್ರದ ಬೆಲ್ಟಿಗೋ ಅದು ಸಿಕ್ಕಿಕೊಂಡರೆ ಹರಿಯುವುದು ದಾರವಲ್ಲ, ಹೋಗುವುದು ಕೊರಳು. ಕೊರಳಿಗೆ ಹಾಕುವ ವಸ್ತುವಿನ ದಾರ ಎಳೆದರೆ ಕಿತ್ತು ಬರಲೇಬೇಕು. ನಾನು ಅದನ್ನು ತೆಗೆದು, ತೆಳುವಾದ ಹತ್ತಿಯ ದಾರ ಕಟ್ಟಿದ್ದೇನೆ. ಯಂತ್ರದ ಹತ್ತಿರ ಹೋಗುವಾಗ ಚಾಕನ್ನೇ ತೆಗೆದಿಡುತ್ತೇನೆ. ಮಾರುವವರು ಈ ಮಾತನ್ನು ಮೊದಲೇ ಹೇಳಿ ಕೊಡಬೇಕಿತ್ತು.

ಮಾವಿನ ಕಸಿಗೆ ಇದು ಆಗದು ಎಂಬುದನ್ನು ಶ್ರೀನಿವಾಸಪುರದ ಕಡೆಯ ಬೆಳೆಗಾರರು ಗಮನಿಸಬೇಕು. ಇದರ ಬಾಯಿಯನ್ನು ಎರಡೂ ಬದಿಯಿಂದ ಮಸೆದಿರುವುದರಿಂದ ಕೊಯ್ತ ಸಪಾಟಾಗಿ ಬರುವುದಿಲ್ಲ, ಕಸಿಕಡ್ಡಿ ಬುಡದ ಗಿಡಕ್ಕೆ ಸರಿಯಾಗಿ ಕೂಡಿಕೊಳ್ಳುವುದಿಲ್ಲ. ಇದೇ ಉಕ್ಕಿನಲ್ಲಿ ಒಂದೇ ಬದಿ ಮಸೆದ ಕಸಿ ಚಾಕು ಒಂದನ್ನು ಈ ಚಾಕು ತಯಾರಿಸಿದವರಿಂದಲೇ ಮಾಡಿಸುತ್ತಿದ್ದೇನೆ.