ಕಾಂಪ್ಲೆಕ್ಸ್ ಕಟ್ಟಿಸೋ ಮೊದಲು ಇದನ್ನೊಮ್ಮೆ ಓದಿ

ಕೆಳಗೆ ಅಂಗಡಿ, ಮೇಲೆ ಒಂದು ಬ್ಯಾಂಕು, ಅದರ ಮೇಲೆ ಯಾವುದಾದರೂ ಕೋಚಿಂಗ್ ಕ್ಲಾಸು. ಹುಬ್ಬಳ್ಳಿ ಕಡೆ ರಸ್ತೆ ಪಕ್ಕ ಸೈಟ್ ಇರುವವರ ಲೆಕ್ಕವೆಲ್ಲ ಹೀಗೇ ಇರುತ್ತದೆ. ನಮ್ಮ ಕಾಕಾ ಕೂಡ ಇದೇ ಲೆಕ್ಕ ಹಾಕಿ ಕಟ್ಟಿಸಿದರು. ಕಟ್ಟಡ ಎದ್ದಿದೆ, ಬಣ್ಣವೂ ಆಗಿದೆ. ಬಾಡಿಗೆ ಮಾತ್ರ ಇನ್ನೂ ಒಂದು ರೂಪಾಯಿ ಬಂದಿಲ್ಲ.

ಕಾಂಟ್ರಾಕ್ಟರ್‌ಗೆ ಲಾಭ ಇರುವುದು ಕೆಲಸದ ಮೊದಲರ್ಧದಲ್ಲಿ. ನಮಗೆ ದುಡ್ಡು ಬರುವುದು ಕಟ್ಟಕಡೆಯ ಕಾಗದ ಕೈಗೆ ಬಂದಮೇಲೆ. ನಮ್ಮನೆಯಲ್ಲಿ ಆದ ಅನಾಹುತವೆಲ್ಲ ಈ ಎರಡರ ನಡುವೆಯೇ ಆಯಿತು.

ಶುರುವಾಗಿದ್ದು ಮಣ್ಣಿನಿಂದ. ನಮ್ಮದು ಎರೆ ಮಣ್ಣು. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಇಂಥ ಜಾಗದಲ್ಲಿ ಬೋರ್ ಹಾಕಿ ಮಣ್ಣು ತೆಗೆದು, ಎಷ್ಟು ಆಳದಲ್ಲಿ ಗಟ್ಟಿ ನೆಲ ಸಿಗುತ್ತದೆ, ಅದು ಎಷ್ಟು ಭಾರ ತಡೆಯುತ್ತದೆ ಅಂತ ನೋಡಬೇಕು. ಫುಟಿಂಗ್ (ಕಾಲಂ ಕೆಳಗಿನ ಅಗಲ ಕಾಂಕ್ರೀಟ್ ಪಾದ) ಸಾಕೋ, ಪೈಲ್ (ನೆಲದೊಳಗೆ ಆಳಕ್ಕೆ ಇಳಿಸುವ ಕಂಬ) ಬೇಕೋ ಅನ್ನುವುದು ಆಮೇಲಿನ ಮಾತು. ಕಾಂಟ್ರಾಕ್ಟರ್ ಹೇಳಿದ್ದು ಇಷ್ಟೇ: "ಸಾವ್ಕಾರ್ರ, ಇಂಥವು ಎಷ್ಟ್ ಎಬ್ಬಿಸೀವಿ, ಮಣ್ಣಿನ ಟೆಸ್ಟ್ ಯಾಕ್ರಿ?" ಮೂಲೆಯ ಗುಂಡಿಯಲ್ಲಿ ಗರಸು, ಅಂದರೆ ಎರೆ ಮಣ್ಣಿನ ಕೆಳಗಿನ ಗಟ್ಟಿ ನೆಲ, ಬರುವ ಮೊದಲೇ ಅಗೆಯುವುದನ್ನು ನಿಲ್ಲಿಸಿ ಕಾಂಕ್ರೀಟ್ ಹಾಕಿಬಿಟ್ಟ. ಒಂದು ಮಳೆಗಾಲ ಕಳೆಯುವುದರೊಳಗೆ ಆ ಮೂಲೆ ಅಂಗಡಿಯ ಶಟರ್ ಅರ್ಧಕ್ಕೇ ಸಿಕ್ಕಿಹಾಕಿಕೊಳ್ಳತೊಡಗಿತು. ಗ್ರೀಸ್ ಹಚ್ಚಿ, ಪಟ್ಟಿ ಬದಲಿಸಿ ನೋಡಿದ್ದಾಯಿತು. ಆಮೇಲೆ ನೋಡಿದರೆ ಗೋಡೆಯಲ್ಲಿ ಓರೆಯಾಗಿ ಬಿರುಕು. ಶಟರ್ ಏನು ಮಾಡೀತು, ಚೌಕಟ್ಟೇ ಸೊಟ್ಟಗಾಗಿತ್ತು.

ಕಾಲಂ ಕಥೆ ಇನ್ನೊಂದು. ಡ್ರಾಯಿಂಗ್‌ನಲ್ಲಿ ರಿಂಗ್‌ಗಳ (ಉದ್ದ ಸರಳುಗಳನ್ನು ಸುತ್ತಿ ಹಿಡಿಯುವ ಕಬ್ಬಿಣದ ಬಳೆಗಳು) ನಡುವೆ 150 ಮಿಲಿಮೀಟರ್, ಅಂದರೆ ಅರ್ಧ ಅಡಿ. ಸೈಟಿನಲ್ಲಿ ಒಂದು ಗೇಣಿಗೂ ಜಾಸ್ತಿ. ಸೆಂಟ್ರಿಂಗ್ ಹಲಗೆ ಮುಚ್ಚಿದ ಮೇಲೆ ಇದು ಯಾರಿಗೂ ಕಾಣಿಸುವುದಿಲ್ಲ. ಕಾಂಕ್ರೀಟ್ ಸಲೀಸಾಗಿ ಇಳಿಯಲಿ ಅಂತ ಮಿಕ್ಸರ್‌ಗೆ ಪೈಪ್ ಬಿಟ್ಟು ನೀರು ಸುರಿಯುತ್ತಿದ್ದರು. ಡ್ರಾಯಿಂಗ್‌ನಲ್ಲಿದ್ದ ಕಾಂಕ್ರೀಟ್ ದರ್ಜೆ ಎಂ25, ಅಂದರೆ 28 ದಿನಕ್ಕೆ ಚದರ ಮಿಲಿಮೀಟರಿಗೆ 25 ನ್ಯೂಟನ್ ತಡೆಯಬೇಕು. ಹಾಗೆ ನೀರು ಸುರಿದರೆ ಎಲ್ಲಿಂದ ತಡೆಯುತ್ತದೆ? ಪ್ರತಿ ಸಲ ಕಾಂಕ್ರೀಟ್ ಹಾಕುವಾಗ 15 ಸೆಂಟಿಮೀಟರ್ ಕ್ಯೂಬ್ ತುಂಬಿಸಿ, ಮೇಲೆ ತಾರೀಖು ಬರೆದು, ನೀವೇ ಲ್ಯಾಬಿಗೆ ಕಳಿಸಿ. ಕಾಂಟ್ರಾಕ್ಟರ್ ತಂದುಕೊಡುವ ರಿಪೋರ್ಟ್ ನಂಬಬೇಡಿ. ಕಬ್ಬಿಣ ಕಟ್ಟಿದ ಮೇಲೆ ಅವನ ಕಡೆಯವರಲ್ಲದ ಒಬ್ಬ ಸ್ಟ್ರಕ್ಚರಲ್ ಇಂಜಿನಿಯರ್ ಬಂದು ನೋಡಿ ಸಹಿ ಹಾಕುವವರೆಗೆ ಮಿಕ್ಸರ್ ಶುರು ಮಾಡಲು ಬಿಡಬೇಡಿ.

ಸುಮ್ನೆ ಹೆದರಿಸುತ್ತಿಲ್ಲ. 2019ರ ಮಾರ್ಚ್‌ನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಾಂಪ್ಲೆಕ್ಸ್ ಕುಸಿದು 19 ಜನ ಸತ್ತರು. ಕೆಳಗೆ ಅಂಗಡಿಗಳು ಆಗಲೇ ಶುರುವಾಗಿದ್ದವು, ಮೇಲೆ ಇನ್ನೂ ಕೆಲಸ ನಡೆದಿತ್ತು. ನಮ್ಮ ಕಡೆ ಅದನ್ನು ಮರೆತವರಿಲ್ಲ. ಆದರೂ ಚದರಡಿಗೆ ಎಷ್ಟು ಅಂತ ಮಾತ್ರ ಕೇಳುತ್ತೇವೆ ನೋಡಿ.

ಇನ್ನು ದುಡ್ಡು. ಕರಾರು ಪತ್ರ ಅಂತ ಇದ್ದಿದ್ದು ಒಂದೇ ಹಾಳೆ. "ಒಳ್ಳೆಯ ಗುಣಮಟ್ಟದ ಸಾಮಾನು" ಅಂತ ಬರೆದಿತ್ತು, ಯಾವ ಸಿಮೆಂಟ್, ಯಾವ ಕಬ್ಬಿಣ, ಎಷ್ಟು ದಪ್ಪದ ವೈರ್ ಅಂತ ಇರಲಿಲ್ಲ. ಕಂತುಗಳೆಲ್ಲ ಸ್ಲ್ಯಾಬ್ ಲೆಕ್ಕದಲ್ಲಿ. ಕೊನೆಯ ಸ್ಲ್ಯಾಬ್ ಬೀಳುವ ಹೊತ್ತಿಗೆ ಮುಕ್ಕಾಲು ದುಡ್ಡು ಅವನ ಜೇಬಿನಲ್ಲಿತ್ತು. ಪ್ಲಾಸ್ಟರ್, ವೈರಿಂಗ್, ಪ್ಲಂಬಿಂಗ್, ಟೈಲ್ಸ್, ಲಿಫ್ಟ್ ಎಲ್ಲ ಬಾಕಿ. ಅಲ್ಲಿಂದ ಅವನು ಫೋನ್ ಎತ್ತುವುದು ಕಡಿಮೆಯಾಯಿತು, ಕೊನೆಗೆ ಪೂರ್ತಿ ನಿಂತಿತು. ಉಳಿದ ಕೆಲಸವನ್ನು ಕಾಕಾ ಸಾಲ ಮಾಡಿ, ಬೇರೆಯವರಿಂದ ಮಾಡಿಸಿ ಮುಗಿಸಿದರು.

ಇದೆಲ್ಲ ಹೇಗೋ ಸಹಿಸಬಹುದಿತ್ತು. ಸಹಿಸಲಾಗದ್ದು ನಕ್ಷೆ ವಿಷಯ. ಕೆಳಮಹಡಿ ಬೇಕು ಅಂತ ಬ್ಯಾಂಕಿನವರು ಬಂದರು. ಜಾಗ ನೋಡಿ ಒಪ್ಪಿದರು, ಮಂಜೂರಾದ ನಕ್ಷೆ ಮತ್ತು ಒಸಿ (ಕಟ್ಟಡ ಬಳಸಬಹುದು ಅಂತ ಪಾಲಿಕೆ ಕೊಡುವ ಪತ್ರ) ಕೇಳಿದರು. ಪಾಲಿಕೆಗೆ ಕೊಟ್ಟಿದ್ದ ನಕ್ಷೆಯನ್ನು ಕಾಕಾ ನೋಡಿದ್ದೇ ಆವಾಗ. ಅದರಲ್ಲಿ ಕೆಳಮಹಡಿ ಪೂರ್ತಿ ಪಾರ್ಕಿಂಗ್! ಸೈಟಿನಲ್ಲಿ ಎದ್ದಿದ್ದು ಅಂಗಡಿಗಳು. ಪಕ್ಕದಲ್ಲಿ ಬಿಡಬೇಕಾದ ಸೆಟ್‌ಬ್ಯಾಕ್ ಕೂಡ ಮೆಟ್ಟಿಲು ನುಂಗಿತ್ತು. ಪಾಲಿಕೆಗೆ ಕೊಟ್ಟ ನಕ್ಷೆ, ಸೈಟಿನಲ್ಲಿ ಕಟ್ಟಿದ ನಕ್ಷೆ ಎರಡನ್ನೂ ಬರೆದವನು ಕಾಂಟ್ರಾಕ್ಟರ್ ಕರೆತಂದ ಇಂಜಿನಿಯರೇ.

"ಆಮೇಲೆ ದಂಡ ಕಟ್ಟಿ ಸರಿಮಾಡಿಸೋಣ್ರಿ" ಅನ್ನುವ ಕಾಲ ಹೋಯಿತು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಖಡಾಖಂಡಿತ ಹೇಳಿದೆ: ಕಂಪ್ಲೀಷನ್ ಸರ್ಟಿಫಿಕೇಟ್ (ಕೆಲಸ ಮುಗಿದಿದೆ ಅನ್ನುವ ಪತ್ರ) ಅಥವಾ ಒಸಿ ಇಲ್ಲದ ಕಟ್ಟಡಕ್ಕೆ ಕರೆಂಟ್, ನೀರು, ಒಳಚರಂಡಿ ಸಂಪರ್ಕ ಕೊಡಬಾರದು. ಅಕ್ರಮ ಕಟ್ಟಡದಲ್ಲಿ ವ್ಯಾಪಾರಕ್ಕೆ ಲೈಸೆನ್ಸ್ ಇಲ್ಲ. ಬ್ಯಾಂಕುಗಳೂ ಆ ಕಾಗದ ನೋಡಿಯೇ ಸಾಲ ಕೊಡಬೇಕು. ನಮ್ಮ ಕಟ್ಟಡ ಈಗಲೂ ಕೆಲಸಕ್ಕೆ ಅಂತ ತೆಗೆದುಕೊಂಡ ಟೆಂಪರರಿ ಮೀಟರ್ ಮೇಲೆಯೇ ಇದೆ. ಅದರ ದರವೂ ಜಾಸ್ತಿ. ಬಂದ ಬ್ಯಾಂಕು ಎದುರಿನ ಕಟ್ಟಡಕ್ಕೆ ಹೋಯಿತು.

ಅದೇ ತೀರ್ಪಿನಲ್ಲಿ ಇನ್ನೊಂದು ಮಾತಿದೆ. ಕೆಲಸ ನಡೆಯುವಷ್ಟು ದಿನವೂ ಮಂಜೂರಾದ ನಕ್ಷೆಯ ಪ್ರತಿ ಸೈಟಿನಲ್ಲಿ ತೂಗುಹಾಕಿರಬೇಕು. ಬೇರೇನೂ ಮಾಡದಿದ್ದರೂ ಇದೊಂದು ಮಾಡಿ. ಪಾಲಿಕೆಯಿಂದ ನೀವೇ ಪ್ರತಿ ತಂದು ಸೈಟಿನಲ್ಲಿ ಹಾಕಿ, ಮಾರ್ಕಿಂಗ್ ಮಾಡುವ ದಿನ, ಅಂದರೆ ಪಾಯದ ಗೆರೆ ನೆಲದ ಮೇಲೆ ಹಾಕುವ ದಿನ, ಟೇಪ್ ಹಿಡಿದು ಅದಕ್ಕೆ ಹೋಲಿಸಿ ನೋಡಿ. ಕರಾರು ಪತ್ರದಲ್ಲಿ ಫಿನಿಷಿಂಗ್‌ಗೆ ಅಂತ ಕಂತುಗಳನ್ನು ಬೇರೆಯಾಗಿ ಬರೆಸಿ. ಕೊನೆಯ ಕಂತು ಒಸಿ ಕೈಗೆ ಬಂದ ಮೇಲೆಯೇ ಅಂತಲೂ ಬರೆಸಿ. ಇದಕ್ಕೆ ಒಪ್ಪದ ಕಾಂಟ್ರಾಕ್ಟರ್‌ಗೆ ಚಹಾ ಕುಡಿಸಿ ಕಳಿಸಿಬಿಡಿ.