ಹಳೇ ಪಿಕಪ್‌ಗೆ ಕಡಿಮೆ ಬಜೆಟ್ಟಿನ ಹೈವೇ ಟೈರ್: ಹೊಸತರಿಂದ ಸವೆಯುವವರೆಗೆ ಹೇಗಿರುತ್ತದೆ

ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. 15 ಇಂಚಿನ ಡಿಸ್ಕ್ (ಟೈರ್ ಕೂರುವ ಲೋಹದ ಚಕ್ರ) ಇರುವ ಹಳೇ ಪಿಕಪ್ ನಿಮ್ಮದಾಗಿದ್ದು, ಓಡಾಟ ಹೆಚ್ಚಾಗಿ ಡಾಂಬರು ರಸ್ತೆಯಲ್ಲೇ ಇದ್ದರೆ, ದೊಡ್ಡ ಹೆಸರಿಲ್ಲದ ಕಂಪನಿಯ ಹೈವೇ ಟೆರೇನ್ ಟೈರ್, ಅಂದರೆ ಎಚ್‌ಟಿ, ಕೊಟ್ಟ ದುಡ್ಡಿಗೆ ಮೋಸ ಮಾಡುವುದಿಲ್ಲ. ಅದೇ ದುಡ್ಡಿಗೆ ಸಿಗುವ, ಎಲ್ಲ ಬಗೆಯ ನೆಲಕ್ಕೆಂದು ಮಾಡಿದ ಆಲ್ ಟೆರೇನ್ ಟೈರ್‌ಗಿಂತ ಸಾಮಾನ್ಯವಾಗಿ ಇದು ಒದ್ದೆ ರಸ್ತೆಯಲ್ಲಿ ಚೆನ್ನಾಗಿ ಹಿಡಿಯುತ್ತದೆ, ಸದ್ದು ಕಡಿಮೆ, ಸವೆತವೂ ಸಮ. ಆದರೆ ಟೈರ್‌ನ ಭಾರದ ಅಂಕ, ತಯಾರಾದ ವರ್ಷ, ಗಾಡಿಯ ಮುಂಭಾಗದ ಜಾಯಿಂಟ್‌ಗಳು ಮತ್ತು ಗಾಳಿ ಸರಿಯಿದ್ದರೆ ಮಾತ್ರ ಈ ಮಾತು ನಿಲ್ಲುತ್ತದೆ. ಇವುಗಳಲ್ಲಿ ಒಂದು ತಪ್ಪಿದರೂ ಅತಿ ದುಬಾರಿ ಟೈರ್ ಕೂಡ ಅರ್ಧ ಆಯಸ್ಸಿಗೇ ಹಾಳಾಗುತ್ತದೆ. ಉಳಿತಾಯ ಮಾಡುವುದಿದ್ದರೆ ಹೆಸರಿನಲ್ಲಿ ಮಾಡಿ, ಟ್ರೆಡ್‌ನ, ಅಂದರೆ ರಸ್ತೆಗೆ ತಾಗುವ ಗೀರು ಗೀರಿನ ಮೈಯ, ಅಂದದಲ್ಲಿ ಮಾಡಿ. ಈ ನಾಲ್ಕರಲ್ಲಿ ಬೇಡ.

ಅಳತೆಯ ವಿಷಯದಲ್ಲಿ ಗಾಡಿಯ ಜೊತೆ ಬಂದದ್ದಕ್ಕೇ ಅಂಟಿಕೊಳ್ಳುವುದು ಒಳ್ಳೆಯದು. ಈ ವಯಸ್ಸಿನ ಪಿಕಪ್‌ಗಳಲ್ಲಿ ಬಹಳ ಕಡೆ ಕಾಣುವುದು 235/75ಆರ್15. ಅಗಲ 235 ಮಿ.ಮೀ., ಪಕ್ಕದ ಎತ್ತರ ಅದರ ಶೇ. 75, ಅಂದರೆ 176 ಮಿ.ಮೀ.; ಮೇಲಿನದು ಕೆಳಗಿನದು ಎರಡನ್ನೂ 381 ಮಿ.ಮೀ. ಡಿಸ್ಕ್‌ಗೆ ಕೂಡಿದರೆ ಒಟ್ಟು ವ್ಯಾಸ ಸುಮಾರು 733 ಮಿ.ಮೀ. ನೋಡಲು ಗಟ್ಟಿಮುಟ್ಟಾಗಿರಲಿ ಎಂದು 31 ಇಂಚಿನ ಟೈರ್ ಹಾಕಿಸುವವರು ಬಹಳ ಜನ. ಅದರ ವ್ಯಾಸ 787 ಮಿ.ಮೀ. ಹತ್ತಿರ, ಶೇ. 7ರಷ್ಟು ಹೆಚ್ಚು. ಸ್ಪೀಡೋಮೀಟರ್ 80 ತೋರಿಸುವಾಗ ಗಾಡಿ 85–86ರಲ್ಲಿ ಓಡುತ್ತಿರುತ್ತದೆ, ಏರಿನಲ್ಲಿ ಗೇರ್ ಎಳೆಯುವುದಿಲ್ಲ, ಕ್ಲಚ್‌ಗೆ ಭಾರ, ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಟೈರ್ ಒಳಗೆ ಉಜ್ಜುತ್ತದೆ. ವ್ಯಾಸದ ವ್ಯತ್ಯಾಸ ಶೇ. 3 ದಾಟದಂತೆ ನೋಡಿಕೊಂಡರೆ ಇದ್ಯಾವ ತಾಪತ್ರಯವೂ ಇರುವುದಿಲ್ಲ.

ಹೆಚ್ಚು ಜನ ಎಡವುವುದು ಭಾರದ ಲೆಕ್ಕದಲ್ಲಿ. ಅಳತೆಯ ಪಕ್ಕದಲ್ಲಿ 105ಎಸ್, 109ಟಿ ಎಂಬಂಥ ಬರಹ ಇರುತ್ತದೆ. ಅಂಕ ಟೈರ್ ಹೊರಬಲ್ಲ ಭಾರ, ಅಕ್ಷರ ವೇಗದ ಮಿತಿ. 104 ಎಂದರೆ 900 ಕೆ.ಜಿ., 105 ಎಂದರೆ 925, 109 ಎಂದರೆ 1,030. ಬಾಗಿಲ ಕಂಬದ ಪಟ್ಟಿಯಲ್ಲಿ ಹಿಂದಿನ ಆಕ್ಸಲ್‌ಗೆ, ಅಂದರೆ ಎರಡು ಚಕ್ರ ಸೇರಿಸುವ ಅಚ್ಚಿಗೆ, 1,500 ಕೆ.ಜಿ. ಎಂದಿದ್ದರೆ ಒಂದೊಂದು ಟೈರ್ ಕನಿಷ್ಠ 750 ಹೊರಬೇಕು. ಕಾರಿನ ವರ್ಗದ, ಅಂದರೆ ಅಳತೆಯ ಮುಂದೆ ‘ಪಿ’ ಇರುವ ಟೈರ್ ಅನ್ನು ಪಿಕಪ್‌ಗೆ ಹಾಕುವಾಗ ಅದರ ಭಾರವನ್ನು 1.10ರಿಂದ ಭಾಗಿಸಿ ಲೆಕ್ಕ ಹಿಡಿಯಬೇಕು. ಹಾಗಾಗಿ 105 ಅಂಕದ್ದು 925 ಅಲ್ಲ, 840. ನಮ್ಮ 750ಕ್ಕೆ ಅದು ಸಾಕು, ಸ್ವಲ್ಪ ಉಳಿಯುತ್ತದೆ ಕೂಡ.

ಈಗ ಅದೇ ಅಳತೆಯ ಎಲ್‌ಟಿ ಟೈರ್ ತೆಗೆದುಕೊಳ್ಳಿ. ಲೈಟ್ ಟ್ರಕ್ ವರ್ಗದ್ದು, ಲೋಡ್ ರೇಂಜ್ (ಭಾರ ಹೊರುವ ದರ್ಜೆ) ಸಿ, ಪಕ್ಕದಲ್ಲಿ 104/101 ಎಂದಿರುತ್ತದೆ. ಮೊದಲ ಅಂಕ ಒಂಟಿ ಚಕ್ರಕ್ಕೆ, ಎರಡನೆಯದು ಜೋಡಿ ಚಕ್ರಕ್ಕೆ. ಎಲ್‌ಟಿ ಎಂದಾಕ್ಷಣ ಹೆಚ್ಚು ಹೊರುತ್ತದೆ ಎಂದುಕೊಳ್ಳುತ್ತಾರೆ. ಅದು ಆ 900 ಕೆ.ಜಿ. ಹೊರುವುದು 50 ಪಿಎಸ್‌ಐ ಗಾಳಿ ಇದ್ದಾಗ ಮಾತ್ರ. ಬಾಗಿಲ ಪಟ್ಟಿ ಪಿ ಟೈರ್‌ಗೆ ಬರೆದ 35 ಪಿಎಸ್‌ಐ ಅನ್ನೇ ಇದಕ್ಕೂ ಹೊಡೆಸಿದರೆ ಅದರ ಶಕ್ತಿ 700 ಕೆ.ಜಿ. ಆಸುಪಾಸಿಗೆ ಇಳಿಯುತ್ತದೆ. ಲೋಡ್ ಹಾಕಿದ ದಿನ ಹಿಂದಿನ ಟೈರ್‌ನ ಪಕ್ಕ ಉಬ್ಬಿ ಬಾಗುತ್ತದೆ, ಬಿಸಿಯಾಗುತ್ತದೆ, ಎರಡೂ ಅಂಚು ಬೇಗ ಸವೆಯುತ್ತವೆ. ‘ಟ್ರಕ್ ಟೈರೇ ಹಾಕಿಸಿದ್ದು, ಆದರೂ ಬಾಳಿಕೆ ಬರಲಿಲ್ಲ’ ಎನ್ನುವವರ ಗಾಡಿಯಲ್ಲಿ ನೋಡಿದರೆ ಬಹುಪಾಲು ಕಾರಣ ಇದೇ. ಎಲ್‌ಟಿ ಟೈರ್‌ನ ನಿಜವಾದ ಲಾಭ ಬೇರೆ: ಅದರ ಕವಚ ದಪ್ಪ, ಕಲ್ಲಿನ ಏಟಿಗೆ ಪಕ್ಕ ಸುಲಭವಾಗಿ ಹರಿಯುವುದಿಲ್ಲ. ವಾರಕ್ಕೊಮ್ಮೆ ಸಣ್ಣ ಲೋಡ್, ಉಳಿದ ದಿನ ಖಾಲಿ ಎನ್ನುವಂಥ ಗಾಡಿಗೆ 109 ಅಂಕದ ಎಕ್ಸ್‌ಎಲ್ (ಹೆಚ್ಚು ಭಾರ ಹೊರುವ) ಪಿ ಟೈರ್ ಸಾಕು, 1.10ರಿಂದ ಭಾಗಿಸಿದರೂ 936 ಕೆ.ಜಿ. ಬರುತ್ತದೆ, ಮೈ ಮೆತ್ತಗೆ, ತೂಕವೂ ಕಡಿಮೆ. ದಿನಾ ಲೋಡ್ ಹೊರುವ ಅಥವಾ ಜಲ್ಲಿ ರಸ್ತೆ ಹತ್ತುವ ಗಾಡಿಗೆ ಎಲ್‌ಟಿ ಹಾಕಿ, ಆದರೆ ಗಾಳಿಯನ್ನು ಟೈರ್ ಕಂಪನಿಯ ಭಾರ-ಗಾಳಿ ಪಟ್ಟಿ ನೋಡಿ ಹೊಡೆಸಿ.

ತಯಾರಾದ ವರ್ಷವನ್ನು ಅಂಗಡಿಯಲ್ಲೇ ಓದಿಕೊಳ್ಳಿ. ಪಕ್ಕದಲ್ಲಿ ಡಾಟ್ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ: 2319 ಎಂದಿದ್ದರೆ 2019ರ 23ನೇ ವಾರ. ಟೈರ್‌ನ ಒಂದು ಬದಿಯಲ್ಲಿ ಮಾತ್ರ ಪೂರ್ತಿ ಸಾಲು ಇರುವುದುಂಟು, ಆಗ ತಿರುಗಿಸಿ ನೋಡಬೇಕು. ಭಾರಿ ರಿಯಾಯಿತಿಯಲ್ಲಿ ಬಂದದ್ದು ಗೋದಾಮಿನಲ್ಲಿ ವರ್ಷಗಟ್ಟಲೆ ಕೂತ ಮಾಲು ಆಗಿರಬಹುದು. ಓಡದೇ ಇದ್ದರೂ ರಬ್ಬರ್ ಗಟ್ಟಿಯಾಗುತ್ತದೆ. ಆರು ವರ್ಷಕ್ಕೆ ಬದಲಿಸಿ ಎನ್ನುವ ಗಾಡಿ ಕಂಪನಿಗಳು ಹಲವು ಇವೆ. ಹತ್ತು ವರ್ಷ ದಾಟಿದ್ದನ್ನು ಟ್ರೆಡ್ ಎಷ್ಟೇ ಇದ್ದರೂ ಹಾಕಬಾರದು. ಸೆಕೆಂಡ್ ಹ್ಯಾಂಡ್ ಟೈರ್ ಕೊಳ್ಳುವುದಿದ್ದರೆ ಡಿಸ್ಕ್‌ನಿಂದ ಬಿಚ್ಚಿಟ್ಟದ್ದನ್ನೇ ಕೊಳ್ಳಿ, ಒಳಗೆ ಕೈ ಆಡಿಸಿ. ಪಕ್ಕದ ಒಳಮೈಯಲ್ಲಿ ಸುತ್ತಲೂ ಉಜ್ಜಿದ ಗೆರೆ ಇದ್ದರೆ, ಕೈಗೆ ಕಪ್ಪು ರಬ್ಬರ್ ಪುಡಿ ಅಂಟಿದರೆ, ಅದು ಗಾಳಿ ಇಲ್ಲದೆ ಓಡಿದ ಟೈರ್. ಹೊರಗಿನಿಂದ ಹೊಸದರಂತಿದ್ದರೂ ಒಳಗಿನ ದಾರಗಳು ಸತ್ತಿರುತ್ತವೆ. ಬಿಟ್ಟಿ ಕೊಟ್ಟರೂ ಬೇಡ.

ಹಳೇ ಟೈರ್ ಎಸೆಯುವ ಮುಂಚೆ ಅದನ್ನು ಓದಿ. ಮಧ್ಯ ಸವೆದಿದ್ದರೆ ಗಾಳಿ ಹೆಚ್ಚಾಗಿತ್ತು, ಎರಡೂ ಅಂಚು ಸವೆದಿದ್ದರೆ ಕಡಿಮೆಯಾಗಿತ್ತು, ಒಂದೇ ಅಂಚಾದರೆ ಕ್ಯಾಂಬರ್, ಅಂದರೆ ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವುದು. ಅಂಗೈಯನ್ನು ಟ್ರೆಡ್ ಮೇಲೆ ಒಳಗಿನಿಂದ ಹೊರಕ್ಕೆ, ಆಮೇಲೆ ಹೊರಗಿನಿಂದ ಒಳಕ್ಕೆ ಎಳೆದು ನೋಡಿ. ಒಂದು ಕಡೆಗೆ ನುಣುಪಾಗಿ ಜಾರಿ, ಇನ್ನೊಂದು ಕಡೆಗೆ ಗರಗಸದ ಹಲ್ಲಿನಂತೆ ಚುಚ್ಚಿದರೆ ಟೋ (ಎರಡು ಚಕ್ರ ಒಂದೇ ನೇರಕ್ಕೆ ಮುಖ ಮಾಡಿರುವುದು) ತಪ್ಪಿದೆ. ಸುತ್ತಲೂ ಅಲ್ಲಲ್ಲಿ ಗುಳಿ ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಸತ್ತಿದೆ, ಇಲ್ಲವೇ ಬೇರಿಂಗ್ ಸಡಿಲವಾಗಿದೆ. ಕಾರಣ ಸರಿಪಡಿಸದೆ ಹಾಕಿದ ಹೊಸ ಟೈರ್ ಅದೇ ಆಕಾರಕ್ಕೆ ಸವೆಯುತ್ತದೆ, ಅಲ್ಲಿಗೆ ಬಜೆಟ್ ಮುಗಿಯಿತು.

ಮುಂಭಾಗ ಪರೀಕ್ಷಿಸಲು ಹಿಂದಿನ ಚಕ್ರ ಉರುಳದಂತೆ ಅಡ್ಡ ಕಟ್ಟಿಗೆ ಇಟ್ಟು, ಮುಂದಿನ ಚಕ್ರ ಜಾಕಿಯಲ್ಲಿ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಚಕ್ರದ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಆಟ ಬಂದರೆ ವೀಲ್ ಬೇರಿಂಗ್ ಅಥವಾ ಬಾಲ್ ಜಾಯಿಂಟ್. ಇನ್ನೊಬ್ಬರು ಬ್ರೇಕ್ ಒತ್ತಿ ಹಿಡಿದಾಗ ಆಟ ನಿಂತರೆ ಅದು ಬೇರಿಂಗ್. ಎಡ ಬಲ ಹಿಡಿದು ಅಲ್ಲಾಡಿಸಿದಾಗ ಆಟವಿದ್ದರೆ ಸ್ಟೇರಿಂಗ್ ಅನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್ ಎಂಡ್, ಹಳೇ ಮಾದರಿಯ ಸ್ಟೇರಿಂಗ್ ಬಾಕ್ಸ್ ಇರುವ ಗಾಡಿಯಲ್ಲಿ ಸ್ಟೇರಿಂಗ್ ಕೊಂಡಿಗೆ ಇನ್ನೊಂದು ಬದಿಯಲ್ಲಿ ಆಸರೆಯಾಗುವ ಐಡ್ಲರ್ ಆರ್ಮ್ ಕೂಡ. ಐಡ್ಲರ್ ಆರ್ಮ್ ಅನ್ನು ಬಹಳ ಮೆಕ್ಯಾನಿಕ್‌ಗಳು ನೋಡುವುದೇ ಇಲ್ಲ; ಅದು ಸಡಿಲವಿದ್ದರೆ ಅಲೈನ್‌ಮೆಂಟ್ ಯಂತ್ರದ ಮೇಲೆ ಸರಿಯಾಗಿ ಕಂಡದ್ದು ರಸ್ತೆಗೆ ಇಳಿದ ಮೇಲೆ ನಿಲ್ಲುವುದಿಲ್ಲ. ಜಾಯಿಂಟ್ ಮೊದಲು, ಟೈರ್ ಆಮೇಲೆ, ಅಲೈನ್‌ಮೆಂಟ್ ಕೊನೆಗೆ. ಈ ಕ್ರಮ ತಪ್ಪಿದರೆ ಒಂದು ಕೆಲಸಕ್ಕೆ ಎರಡು ಸಲ ದುಡ್ಡು.

ನಾಲ್ಕಕ್ಕೂ ದುಡ್ಡು ಸಾಲದಿದ್ದರೆ ಎರಡು ಕೊಂಡು ಹಿಂದಕ್ಕೆ ಹಾಕಿ. ಖಾಲಿ ಪಿಕಪ್‌ನ ಹಿಂಭಾಗ ಹಗುರ. ಮಳೆಯಲ್ಲಿ ಮುಂದಿನ ಟೈರ್ ಜಾರಿದರೆ ಗಾಡಿ ನೇರ ಹೋಗುತ್ತದೆ, ವೇಗ ಇಳಿಸಿದರೆ ಹಿಡಿತ ಮರಳುತ್ತದೆ. ಹಿಂದಿನದು ಜಾರಿದರೆ ಗಾಡಿಯೇ ಸುತ್ತುತ್ತದೆ, ಅದನ್ನು ಹಿಡಿಯುವುದು ಪಳಗಿದ ಡ್ರೈವರ್‌ಗೂ ಕಷ್ಟ. ಒಂದೇ ಆಕ್ಸಲ್‌ನಲ್ಲಿ ಒಂದು ಹೊಸದು, ಒಂದು ಹಳೆಯದು ಬೇಡವೇ ಬೇಡ. ಫೋರ್ ವೀಲ್ ಡ್ರೈವ್ ಗಾಡಿಯಾದರೆ ಮುಂದೆ ಹಿಂದೆ ಟ್ರೆಡ್ ವ್ಯತ್ಯಾಸ 2–3 ಮಿ.ಮೀ. ಮೀರದಿರಲಿ, ಇಲ್ಲದಿದ್ದರೆ ಮುಂದೆ ಹಿಂದೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್‌ಗೆ ಏಟು ಬೀಳುತ್ತದೆ.

ಫಿಟಿಂಗ್ ಮಾಡಿಸುವಾಗ ಪಕ್ಕದಲ್ಲೇ ನಿಂತಿರಿ. ಹಳೇ ಕಬ್ಬಿಣದ ಡಿಸ್ಕ್‌ನಲ್ಲಿ ಟೈರ್‌ನ ಬೀಡ್ (ಡಿಸ್ಕ್‌ಗೆ ಕಚ್ಚುವ ಒಳ ಅಂಚು) ಕೂರುವ ಜಾಗ ತುಕ್ಕು ಹಿಡಿದು ಚಕ್ಕೆ ಎದ್ದಿರುತ್ತದೆ. ಅದರ ಮೇಲೆಯೇ ಹೊಸ ಟೈರ್ ಕೂರಿಸಿದರೆ ವಾರಕ್ಕೆ ಮೂರು ನಾಲ್ಕು ಪಿಎಸ್‌ಐ ಇಳಿಯುತ್ತಲೇ ಇರುತ್ತದೆ, ಪಂಕ್ಚರ್ ಅಂಗಡಿಯವರು ನೀರಲ್ಲಿ ಮುಳುಗಿಸಿದರೆ ಟ್ರೆಡ್‌ನಲ್ಲಿ ಗುಳ್ಳೆ ಬರುವುದಿಲ್ಲ, ಡಿಸ್ಕ್ ಅಂಚಿನಲ್ಲಿ ಸಣ್ಣಗೆ ಬರುತ್ತದೆ. ವೈರ್ ಬ್ರಷ್‌ನಿಂದ ಉಜ್ಜಿ, ಮರಳು ಕಾಗದದಿಂದ ನಯ ಮಾಡಿ, ಬೀಡ್ ಸೀಲರ್ ಹಚ್ಚಿಸಿ. ನಟ್ ಕೂರುವ ತೂತುಗಳು ಉದ್ದವಾಗಿದ್ದರೆ, ಸುತ್ತ ಸೀಳು ಕಂಡರೆ ಆ ಡಿಸ್ಕ್ ಬಿಡಿ. ವಾಲ್ವ್ ಪ್ರತಿ ಸಲ ಹೊಸದೇ ಇರಲಿ; ಟೈರ್ ಬೆಲೆಯ ಮುಂದೆ ಅದು ಲೆಕ್ಕಕ್ಕಿಲ್ಲ. ಸಾಮಾನ್ಯ ರಬ್ಬರ್ ವಾಲ್ವ್ 65 ಪಿಎಸ್‌ಐವರೆಗೆ ಮಾತ್ರ, 80 ಪಿಎಸ್‌ಐ ಬೇಡುವ ಲೋಡ್ ರೇಂಜ್ ಇ ಟೈರ್‌ಗೆ ಹೈ ಪ್ರೆಶರ್ ಅಥವಾ ಲೋಹದ ವಾಲ್ವ್ ಬೇಕು. ಬೀಡ್ ಕೂರಿಸುವಾಗ 40 ಪಿಎಸ್‌ಐ ದಾಟಿದರೂ ಕೂರದಿದ್ದರೆ ಗಾಳಿ ಇಳಿಸಿ, ಸೋಪು ನೀರು ಹಚ್ಚಿ ಮತ್ತೆ ಪ್ರಯತ್ನಿಸಬೇಕು. ಒತ್ತಡ ಏರಿಸುತ್ತಾ ಹೋಗುವುದು ಪ್ರಾಣಾಪಾಯ.

ಕಡಿಮೆ ಬೆಲೆಯ ಟೈರ್‌ನ ಕೊರತೆ ಮೊದಲು ಕಾಣುವುದು ಬ್ಯಾಲೆನ್ಸಿಂಗ್‌ನಲ್ಲಿ. ಒಂದು ಚಕ್ರಕ್ಕೆ ತೂಕ ಸಮ ಮಾಡಲು 100 ಗ್ರಾಂಗಿಂತ ಹೆಚ್ಚು ಸೀಸ ಕೇಳುತ್ತಿದ್ದರೆ ಹಾಗೇ ಹೊಡೆಯಲು ಬಿಡಬೇಡಿ. ಗಾಳಿ ತೆಗೆಸಿ, ಟೈರ್ ಅನ್ನು ಡಿಸ್ಕ್ ಮೇಲೆ ಅರ್ಧ ಸುತ್ತು ತಿರುಗಿಸಿ ಮತ್ತೆ ನೋಡಿಸಿ. ಡಿಸ್ಕ್‌ನ ಭಾರದ ಜಾಗ ಟೈರ್‌ನ ಹಗುರ ಜಾಗಕ್ಕೆ ಬಂದರೆ ಸೀಸ ಎಷ್ಟೋ ಇಳಿಯುತ್ತದೆ. ಪಕ್ಕದಲ್ಲಿ ಹಳದಿ ಚುಕ್ಕೆ ಇದ್ದರೆ ಅದು ಹಗುರ ಜಾಗ, ಅದು ವಾಲ್ವ್ ಪಕ್ಕಕ್ಕೇ ಬರಲಿ. ನಟ್‌ಗಳನ್ನು ನಕ್ಷತ್ರದ ಕ್ರಮದಲ್ಲಿ, ಟಾರ್ಕ್ ಸ್ಪ್ಯಾನರ್‌ನಿಂದ. 12 ಮಿ.ಮೀ. ಸ್ಟಡ್‌ಗೆ ಸಾಮಾನ್ಯವಾಗಿ 100ರಿಂದ 120 ನ್ಯೂಟನ್ ಮೀಟರ್, ಖಚಿತ ಅಂಕಿ ಗಾಡಿಯ ಪುಸ್ತಕದಲ್ಲಿದೆ. 80–100 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ಬಿಗಿ ನೋಡಿ. ತೀರಾ ಹಳೆಯ ಕೆಲವು ಗಾಡಿಗಳ ಎಡಬದಿಯ ಸ್ಟಡ್‌ಗಳಲ್ಲಿ ಎಡ ಮರೆ, ಅಂದರೆ ಉಲ್ಟಾ ತಿರುಗಿಸಿ ಬಿಚ್ಚಬೇಕಾದ ತಿರುಪು, ಇರುತ್ತದೆ. ಬಿಚ್ಚಲು ಬರುತ್ತಿಲ್ಲವೆಂದು ಪೈಪ್ ಹಾಕಿ ಎಳೆಯುವ ಮುಂಚೆ ಸ್ಟಡ್ ತುದಿಯ ಗುರುತು ನೋಡಿಕೊಳ್ಳಿ.

ರಸ್ತೆಗೆ ಇಳಿದ ಮೇಲೆ ಈ ಟೈರ್ ಹೇಗೆ? ಮೊದಲ ಕೆಲವು ನೂರು ಕಿ.ಮೀ. ಅಚ್ಚಿನ ಜಿಡ್ಡು ಹೋಗುವವರೆಗೆ ಸ್ವಲ್ಪ ಜಾರು, ಮಳೆಯಲ್ಲಿ ನಿಧಾನವಾಗಿರಿ. ಆಮೇಲೆ ಹಿಡಿತ ಚೆನ್ನಾಗಿ ಕೂರುತ್ತದೆ. ಹೊಸದರಲ್ಲಿ 9 ಮಿ.ಮೀ. ಹತ್ತಿರ ಇರುವ ಟ್ರೆಡ್ 4 ಮಿ.ಮೀ.ಗೆ ಬರುವವರೆಗೆ ದೂರುವಂಥದ್ದು ಏನೂ ಇಲ್ಲ. ದುಬಾರಿ ಟೈರ್‌ಗೂ ಇದಕ್ಕೂ ಇರುವ ಅಂತರ ತಿಳಿಯುವುದು ಅಲ್ಲಿಂದ ಮುಂದೆ: ರಬ್ಬರ್ ಬೇಗ ಗಟ್ಟಿಯಾಗುತ್ತದೆ, ನೀರು ನಿಂತ ರಸ್ತೆಯಲ್ಲಿ ಸ್ಟೇರಿಂಗ್ ಹಗುರವಾಗುವುದು ಕೈಗೆ ಗೊತ್ತಾಗುತ್ತದೆ. ಕಾನೂನಿನ ಮಿತಿ ಬಹಳ ದೇಶಗಳಲ್ಲಿ 1.6 ಮಿ.ಮೀ., ಟ್ರೆಡ್ ಸಂದಿಯ ಅಡ್ಡ ಗುರುತು ಅದನ್ನೇ ತೋರಿಸುತ್ತದೆ. ನನ್ನ ಪ್ರಕಾರ ಈ ದರ್ಜೆಯ ಟೈರ್ ಅನ್ನು ಮಳೆಗಾಲಕ್ಕೆ ಮುಂಚೆಯೇ 3 ಮಿ.ಮೀ.ನಲ್ಲಿ ತೆಗೆಯಬೇಕು. ಕೆಸರಿನಲ್ಲಿ ಸಂದಿ ತುಂಬಿಕೊಂಡು ನುಣ್ಣಗಾಗುತ್ತದೆ, ಹಿಮದ ನಾಡಿಗೆ ಇದು ಹೇಳಿದ್ದಲ್ಲ. ಅಲ್ಲಿ ಮೂರು ಶಿಖರದ ನಡುವೆ ಹಿಮದ ಹರಳಿನ ಗುರುತಿರುವುದನ್ನೇ ನೋಡಿ.

ಸವೆತ ಸಮನಾಗಿರಬೇಕಾದರೆ 8,000ದಿಂದ 10,000 ಕಿ.ಮೀ.ಗೆ ಒಮ್ಮೆ ಸ್ಥಳ ಬದಲಿಸಿ: ಹಿಂದಿನವು ನೇರ ಮುಂದಕ್ಕೆ, ಮುಂದಿನವು ಅಡ್ಡ ಹಾಯ್ದು ಹಿಂದಕ್ಕೆ. ಗಾಳಿಯನ್ನು ಬೆಳಿಗ್ಗೆ, ಗಾಡಿ ಓಡುವ ಮುಂಚೆ ನೋಡಿ. ಹವೆ 5–6 ಡಿಗ್ರಿ ಸೆಲ್ಸಿಯಸ್ ಬದಲಾದರೆ ಸುಮಾರು 1 ಪಿಎಸ್‌ಐ ವ್ಯತ್ಯಾಸ ಬರುತ್ತದೆ. ಮೊಳೆ ಚುಚ್ಚಿದ್ದು ಟ್ರೆಡ್‌ನಲ್ಲಾದರೆ, ತೂತು 6 ಮಿ.ಮೀ. ಒಳಗಿದ್ದರೆ, ಒಳಗಿನಿಂದ ಪ್ಯಾಚ್ ಹಾಕಿಸಿ ಓಡಿಸಬಹುದು. ಭುಜಕ್ಕೆ (ಟ್ರೆಡ್ ಮತ್ತು ಪಕ್ಕ ಸೇರುವ ಅಂಚಿಗೆ) ಅಥವಾ ಪಕ್ಕಕ್ಕೆ ಚುಚ್ಚಿದ್ದರೆ ರಿಪೇರಿ ಇಲ್ಲ.

ಇಷ್ಟೆಲ್ಲ ಮಾಡಿ ಸ್ಟೆಪ್ನಿಯನ್ನು ಮರೆಯುವವರೇ ಹೆಚ್ಚು. ಪಿಕಪ್‌ನಲ್ಲಿ ಅದು ಹಿಂದಿನ ತೊಟ್ಟಿಯ ಕೆಳಗೆ ಕೇಬಲ್‌ನಲ್ಲಿ ನೇತಾಡುತ್ತಾ ಕೆಸರು ನೀರು ಕುಡಿಯುತ್ತಿರುತ್ತದೆ. ಅಲ್ಲಿರುವುದರ ವಯಸ್ಸು ಮೀರಿದ್ದರೆ, ತೆಗೆದ ಹಳೇ ನಾಲ್ಕರಲ್ಲಿ ವಯಸ್ಸೂ ಟ್ರೆಡ್ಡೂ ಇನ್ನೂ ಮಿತಿಯೊಳಗಿರುವುದು ಸಿಕ್ಕರೆ ಅದನ್ನೇ ಅಲ್ಲಿಗೆ ಹಾಕಿ, ಅಳತೆ ಉಳಿದವುಗಳದ್ದೇ ಇರಲಿ. ಕೇಬಲ್‌ಗೂ ಅದನ್ನು ಸುತ್ತುವ ರಾಟೆಗೂ ಗ್ರೀಸ್ ಹಚ್ಚಿ, ಒಮ್ಮೆ ಪೂರ್ತಿ ಕೆಳಗಿಳಿಸಿ ಮತ್ತೆ ಏರಿಸಿ ನೋಡಿ.